ಯಂತ್ರದ ಮಾತಿಗೆ ಮೊದಲು ಮದ್ದಿನ ಮಾತು



ನಮ್ಮ ಸಂಘದ ಇ-ಪುಸ್ತಿಕೆ ಅಂದ್ರೆ ಸಾಮಾನ್ಯವಾಗಿ ಊರಿನ ನೆನಪು, ಯುಗಾದಿ ಮತ್ತು ರಾಜ್ಯೋತ್ಸವದ ಫೋಟೋ, ಒಂದೆರಡು ಕವನ, ಮೊದಲ ಸಲ ಹಿಮ ಕಂಡ ಅನುಭವ. ಅದೆಲ್ಲ ಇರಲಿ, ಇರಲೇಬೇಕು. ಈ ವರ್ಷ ನಾವು ಮೂವರು ಸೇರಿ ಸ್ವಲ್ಪ ಒಣ ಅನ್ನಿಸಬಹುದಾದ ವಿಷಯವೊಂದನ್ನು ತಂದಿದ್ದೇವೆ. ಬೆನ್ನುಮೂಳೆಯ ಆಪರೇಷನ್ ನಡೆಯುವಾಗ ನರಗಳ ಮೇಲೆ ಕಣ್ಣಿಡಬೇಕು ಅಂತಾದರೆ, ರೋಗಿಗೆ ಯಾವ ಅರಿವಳಿಕೆ ಮದ್ದುಗಳನ್ನು ಜೊತೆ ಮಾಡಿ ಕೊಡಬೇಕು ಅನ್ನೋದು ಆ ವಿಷಯ. ನಮ್ಮಲ್ಲಿ ಒಬ್ಬರು ಬಯೋಮೆಡಿಕಲ್ ಎಂಜಿನಿಯರಿಂಗ್, ಒಬ್ಬರು ನರವಿಜ್ಞಾನ, ಇನ್ನೊಬ್ಬರು ಔಷಧ ವಿಜ್ಞಾನ ಓದುತ್ತಿರುವವರು. ಮೂವರೂ ಡಾಕ್ಟರಲ್ಲ. ಹಾಗಾಗಿ ಇದನ್ನು ವೈದ್ಯಕೀಯ ಸಲಹೆ ಅಂತ ಓದಬೇಡಿ, ಅಭಿಪ್ರಾಯ ಅಂತ ಓದಿ.

ಈ ವಿಷಯ ಯಾಕೆ ಅಂತೀರಾ? ಹೊರದೇಶದಲ್ಲಿ ಓದುವ ನಮ್ಮಂಥವರಿಗೆಲ್ಲ ಊರಿಂದ ಒಂದಲ್ಲ ಒಂದು ದಿನ ಫೋನ್ ಬಂದೇ ಬರುತ್ತದೆ. ಚಿಕ್ಕಮ್ಮನ ಮಗಳಿಗೆ ಬೆನ್ನು ಸೊಟ್ಟ ಆಗಿದೆಯಂತೆ, ರಾಡ್ ಹಾಕಬೇಕಂತೆ. ದೊಡ್ಡಪ್ಪನಿಗೆ ಕುತ್ತಿಗೆಯ ಹತ್ತಿರ ಬೆನ್ನುಹುರಿ ಒತ್ತಿಕೊಂಡಿದೆಯಂತೆ. ವಾಟ್ಸಾಪ್‌ನಲ್ಲಿ ಎಂಆರ್‌ಐ ಫಿಲಂನ ಫೋಟೋ ಬರುತ್ತೆ. ಜೊತೆಗೆ ಒಂದು ಪ್ರಶ್ನೆ: "ನರಕ್ಕೆ ಏನೂ ಆಗದ ಹಾಗೆ ನೋಡ್ಕೊಳ್ಳೋ ಮೆಷಿನ್ ಇದೆಯಂತಲ್ಲ, ಆ ಆಸ್ಪತ್ರೇಲಿ ಇದೆಯಾ ಕೇಳು."

ಪ್ರಶ್ನೆ ಸರಿಯಾದದ್ದೇ, ಆದರೆ ಅರ್ಧ ಮಾತ್ರ. ಮೆಷಿನ್ ಇದ್ದರೆ ಸಾಲದು. ಆ ಮೆಷಿನ್‌ಗೆ ನರದ ದನಿ ಕೇಳಿಸಬೇಕಾದರೆ, ರೋಗಿಯ ಮೈಯಲ್ಲಿ ಹರಿಯುವ ಮದ್ದು ಆ ದನಿಯನ್ನು ಅಡಗಿಸಬಾರದು. ಮಾನಿಟರಿಂಗ್ ಅನ್ನೋದು ಯಂತ್ರದಿಂದ ಶುರುವಾಗೋದಲ್ಲ, ಅರಿವಳಿಕೆಯಿಂದ ಶುರುವಾಗೋದು. ಹಾಗೆಯೇ ಎಲ್ಲರಿಗೂ ಹೊಂದುವ ಒಂದೇ ಮದ್ದಿನ ಪಟ್ಟಿ ಇಲ್ಲ. ಯಾವ ನರದ ದಾರಿಯನ್ನು ಕಾಯಬೇಕು, ರೋಗಿ ಎಂಥವರು ಎಂಬುದನ್ನು ಮೊದಲು ತೀರ್ಮಾನಿಸಿ ಆಮೇಲೆ ಮದ್ದು ಆರಿಸಬೇಕು. ಈ ಲೇಖನದಲ್ಲಿ ನಾವು ವಾದಿಸುವುದು ಇಷ್ಟನ್ನೇ.

ಎಬ್ಬಿಸಿ ನೋಡುತ್ತಿದ್ದ ಕಾಲ

ಸ್ವಲ್ಪ ಹಿಂದಕ್ಕೆ ಹೋಗೋಣ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಪಾಲ್ ಹ್ಯಾರಿಂಗ್ಟನ್ ಎಂಬ ವೈದ್ಯರು ಸೊಟ್ಟಗಾದ ಬೆನ್ನುಮೂಳೆಯನ್ನು ಲೋಹದ ರಾಡ್ ಹಾಕಿ ನೆಟ್ಟಗೆ ಮಾಡುವ ವಿಧಾನವನ್ನು 1962ರಲ್ಲಿ ಪ್ರಕಟಿಸಿದರು. ಸ್ಕೋಲಿಯೋಸಿಸ್ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಆದರೆ ಮೂಳೆಯನ್ನು ಎಳೆದು ನೆಟ್ಟಗೆ ಮಾಡುವಾಗ ಒಳಗಿರುವ ಬೆನ್ನುಹುರಿಯೂ ಎಳೆತಕ್ಕೆ ಸಿಗುತ್ತದೆ, ಅದರ ರಕ್ತ ಸಂಚಾರ ಕಡಿಮೆಯಾಗಬಹುದು. ಕಾಲು ಸ್ವಾಧೀನ ತಪ್ಪಿದೆ ಅನ್ನೋದು ಗೊತ್ತಾಗುತ್ತಿದ್ದದ್ದು ರೋಗಿ ಎಚ್ಚರವಾದ ಮೇಲೆ. ಅಷ್ಟು ಹೊತ್ತಿಗೆ ಕಾಲ ಮೀರಿರುತ್ತಿತ್ತು.

1973ರಲ್ಲಿ ಫ್ರಾನ್ಸಿನ ಸ್ಟಾಗ್ನಾರಾ ಮತ್ತು ಸಂಗಡಿಗರು ಒಂದು ಉಪಾಯ ಪ್ರಕಟಿಸಿದರು. ರಾಡ್ ಬಿಗಿ ಮಾಡಿದ ಮೇಲೆ, ಆಪರೇಷನ್ ಮಧ್ಯದಲ್ಲೇ ಅರಿವಳಿಕೆ ಇಳಿಸಿ ರೋಗಿಯನ್ನು ಅರೆ ಎಚ್ಚರಕ್ಕೆ ತರುವುದು. ಮೊದಲು ಕೈ ಬೆರಳು ಆಡಿಸಲು, ಆಮೇಲೆ ಪಾದ ಆಡಿಸಲು ಹೇಳುವುದು. ಪಾದ ಆಡಿದರೆ ಮತ್ತೆ ಮಲಗಿಸಿ ಮುಂದುವರಿಯುವುದು, ಆಡದಿದ್ದರೆ ಬಿಗಿತ ಸಡಿಲಿಸುವುದು. ಕೇಳಿದರೆ ಮೈ ಜುಮ್ಮೆನ್ನುತ್ತದೆ, ಆದರೆ ಇದು ನಿಜಕ್ಕೂ ಕೆಲಸ ಮಾಡುವ ಪರೀಕ್ಷೆ. ಸಿಗ್ನಲ್ ಮೇಲೆ ಅನುಮಾನ ಬಂದಾಗ ಈಗಲೂ ಇದನ್ನು ಮಾಡುವುದುಂಟು. ತೊಂದರೆ ಏನೆಂದರೆ ಇದು ಆ ಒಂದು ಗಳಿಗೆಯ ಸ್ಥಿತಿಯನ್ನಷ್ಟೇ ಹೇಳುತ್ತದೆ. ಹತ್ತು ನಿಮಿಷ ಬಿಟ್ಟು ಏನಾಗುತ್ತದೋ ಗೊತ್ತಿಲ್ಲ. ಮಾತು ಕೇಳಿಸದ ಅಥವಾ ಅರ್ಥವಾಗದ ಮಕ್ಕಳಲ್ಲಿ ಮಾಡಲಿಕ್ಕೇ ಆಗುವುದಿಲ್ಲ.

ಅದೇ ಎಪ್ಪತ್ತರ ದಶಕದಲ್ಲಿ ಎಸ್‌ಎಸ್‌ಇಪಿ ಬಂತು. ಹಿಮ್ಮಡಿಯ ಹತ್ತಿರದ ನರಕ್ಕೆ ಸಣ್ಣ ವಿದ್ಯುತ್ ತಟ್ಟು ಕೊಟ್ಟು, ಅದು ಬೆನ್ನುಹುರಿಯ ಹಿಂಭಾಗದ ಹಾದಿಯಲ್ಲಿ ಹತ್ತಿ ಮೆದುಳು ಮುಟ್ಟಿತೇ ಅಂತ ತಲೆಯ ಮೇಲಿನ ಎಲೆಕ್ಟ್ರೋಡ್‌ನಲ್ಲಿ ಅಳೆಯುವುದು. ಸಿಗ್ನಲ್ ಎಷ್ಟು ಸಣ್ಣದೆಂದರೆ ನೂರಾರು ಸಲ ತಟ್ಟಿ ಸರಾಸರಿ ತೆಗೆದರೇ ಕಾಣುವುದು. ಇದು ಸಂವೇದನೆಯ ದಾರಿ. ಕಾಲು ಆಡಿಸುವ ಆಜ್ಞೆ ಇಳಿಯುವ ದಾರಿ ಬೇರೆ, ಅದಕ್ಕೆ ರಕ್ತ ಒದಗಿಸುವ ನಾಳವೂ ಬಹುಪಾಲು ಬೇರೆ. ಹಾಗಾಗಿ ಎಸ್‌ಎಸ್‌ಇಪಿ ಚೆನ್ನಾಗಿಯೇ ಇದ್ದು, ರೋಗಿ ಎದ್ದಾಗ ಕಾಲು ಆಡದ ಪ್ರಕರಣಗಳು ವರದಿಯಾದವು.

1980ರಲ್ಲಿ ಲಂಡನ್‌ನಲ್ಲಿ ಮೆರ್ಟನ್ ಮತ್ತು ಮಾರ್ಟನ್ ಎಂಬಿಬ್ಬರು ನೆತ್ತಿಯ ಮೇಲಿಂದಲೇ ವಿದ್ಯುತ್ ತಟ್ಟು ಕೊಟ್ಟು, ತಲೆಬುರುಡೆ ತೆರೆಯದೆ, ಮೆದುಳಿನ ಚಲನಾ ಭಾಗವನ್ನು ಎಚ್ಚರಿಸಿ ಸ್ನಾಯು ಅದುರುವಂತೆ ಮಾಡಿ ತೋರಿಸಿದರು. ಆದರೆ ಅದು ಎಚ್ಚರದಲ್ಲಿದ್ದವರಲ್ಲಿ. ಮಲಗಿದ ರೋಗಿಯಲ್ಲಿ ಒಂದು ತಟ್ಟು ಸಾಲುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಒಂದರ ಹಿಂದೆ ಒಂದು ನಾಲ್ಕಾರು ತಟ್ಟು ಕೊಡುವ ವಿಧಾನ ಬಂದಮೇಲೆ ಎಂಇಪಿ ಆಪರೇಷನ್ ಥಿಯೇಟರ್ ಒಳಗೆ ಬಂತು. ನೆತ್ತಿಯಲ್ಲಿ ತಟ್ಟಿದರೆ ಹೆಬ್ಬೆರಳು, ಪಾದದ ಸ್ನಾಯು ಅದುರಬೇಕು. ಅದುರಿದರೆ ದಾರಿ ತೆರೆದಿದೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಈ ಚರಿತ್ರೆಯ ಪ್ರತಿ ಹೆಜ್ಜೆಯಲ್ಲೂ ತಡೆ ಆಗಿದ್ದು, ದಾರಿ ಬಿಟ್ಟಿದ್ದು ಅರಿವಳಿಕೆಯೇ. ಯಂತ್ರ ಎಷ್ಟೇ ಚುರುಕಾದರೂ ಮಲಗಿದ ನರ ಮಾತಾಡಬೇಕಲ್ಲ!

ಯಾವ ಮದ್ದು ಏನು ಮಾಡುತ್ತದೆ

ಅರಿವಳಿಕೆ ಅಂದರೆ ಬರೀ ನಿದ್ದೆಯಲ್ಲ. ಎಚ್ಚರ ಇರಬಾರದು, ನೆನಪು ಉಳಿಯಬಾರದು, ನೋವು ತಟ್ಟಬಾರದು, ಮೈ ಅಲುಗಬಾರದು. ಈ ನಾಲ್ಕರಲ್ಲಿ ಮೊದಲ ಮೂರಕ್ಕೆ ಎಂಇಪಿ ತಕರಾರು ಮಾಡುವುದಿಲ್ಲ. ಜಗಳ ಇರುವುದು ನಾಲ್ಕನೆಯದರ ಜೊತೆ, ಯಾಕೆಂದರೆ ಎಂಇಪಿಗೆ ಬೇಕಾದದ್ದೇ ಮೈ ಅಲುಗುವುದು.

ಉಸಿರಿನ ಜೊತೆ ಕೊಡುವ ಐಸೋಫ್ಲೂರೇನ್, ಸೀವೋಫ್ಲೂರೇನ್, ಡೆಸ್‌ಫ್ಲೂರೇನ್‌ಗಳನ್ನು ನೋಡಿ. ಅಗ್ಗ, ರೂಢಿಯದು, ಎಲ್ಲ ಕಡೆ ಇರುವುದು. ಇವುಗಳ ಅಳತೆಗೆ ಮ್ಯಾಕ್ ಅಂತಾರೆ: ಚರ್ಮ ಕೊಯ್ದಾಗ ನೂರರಲ್ಲಿ ಐವತ್ತು ಜನ ಅಲುಗದಿರಲು ಎಷ್ಟು ಬೇಕೋ ಅದು 1 ಮ್ಯಾಕ್. ಇಲ್ಲೊಂದು ಸೋಜಿಗ ಇದೆ. 1993ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಮೆದುಳಿನ ಮುಂಭಾಗವನ್ನು ತೆಗೆದ ಮೇಲೂ ಈ ಅಳತೆ ಬದಲಾಗಲಿಲ್ಲ. ಅಂದರೆ ಅಲುಗದಂತೆ ಮಾಡುವ ಕೆಲಸವನ್ನು ಈ ಅನಿಲಗಳು ಮೆದುಳಿನಲ್ಲಲ್ಲ, ಮುಖ್ಯವಾಗಿ ಬೆನ್ನುಹುರಿಯಲ್ಲಿ ಮಾಡುತ್ತವೆ. ಯಾವ ಬೆನ್ನುಹುರಿಯ ಚಲನಾ ಕೋಶಗಳ ಮಾತು ಕೇಳಲು ಎಂಇಪಿ ಹಾಕಿದ್ದೇವೋ, ಅದೇ ಕೋಶಗಳನ್ನು ಅನಿಲ ಸುಮ್ಮನಾಗಿಸುತ್ತದೆ. ಪ್ರಮಾಣ ಏರಿದಷ್ಟೂ ಎಂಇಪಿ ಇಳಿಯುತ್ತದೆ. ನೈಟ್ರಸ್ ಆಕ್ಸೈಡ್ ಸೇರಿಸಿದರೆ ಇನ್ನಷ್ಟು. ಎಸ್‌ಎಸ್‌ಇಪಿಗೂ ಏಟು ಬೀಳುತ್ತದೆ, ಆದರೆ ಮೆದುಳಿನ ಮೇಲ್ಪದರದ ಸಿಗ್ನಲ್‌ಗೆ ಹೆಚ್ಚು, ಕುತ್ತಿಗೆಯ ಹತ್ತಿರ ಹಿಡಿಯುವ ಸಿಗ್ನಲ್‌ಗೆ ಕಡಿಮೆ. ದಾರಿಯಲ್ಲಿ ನರದಿಂದ ನರಕ್ಕೆ ದಾಟುವ ಗಂಟುಗಳು ಹೆಚ್ಚಿದ್ದಷ್ಟೂ ಮದ್ದಿನ ಹೊಡೆತ ಹೆಚ್ಚು ಅನ್ನೋದು ನೆನಪಿಡಬಹುದಾದ ಸೂತ್ರ.

ಪ್ರೊಪೊಫಾಲ್ ರಕ್ತನಾಳದ ಮೂಲಕ ಕೊಡುವ ಬಿಳಿ ಮದ್ದು. ಇದನ್ನು ರೂಪಿಸಿದ ತಂಡದ ಜಾನ್ ಗ್ಲೆನ್ ಓದಿದ್ದು ಪಶುವೈದ್ಯ. 2018ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. ಪ್ರೊಪೊಫಾಲ್ ಕೂಡ ಸಿಗ್ನಲ್ ತಗ್ಗಿಸುತ್ತದೆ, ಇಲ್ಲ ಅಂತಲ್ಲ. ಆದರೆ ಅದೇ ಆಳದ ನಿದ್ದೆಗೆ ಹೋಲಿಸಿದರೆ ಅನಿಲದಷ್ಟು ಅಲ್ಲ. ಇದರ ಜೊತೆ ನೋವಿಗೆ ರೆಮಿಫೆಂಟಾನಿಲ್ ಪಂಪ್‌ನಲ್ಲಿ ಹರಿಸುತ್ತಾರೆ. 1996ರಿಂದ ಬಳಕೆಯಲ್ಲಿರುವ ಈ ಮದ್ದನ್ನು ಎಷ್ಟು ಗಂಟೆ ಕೊಟ್ಟರೂ ನಿಲ್ಲಿಸಿದ ಮೂರ್ನಾಲ್ಕು ನಿಮಿಷದಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ನರದ ಸಿಗ್ನಲ್‌ಗೆ ಈ ಗುಂಪಿನ ನೋವು ನಿವಾರಕಗಳಿಂದ ಹೆಚ್ಚಿನ ಬಾಧೆ ಇಲ್ಲ. ಈ ಜೋಡಿಯನ್ನೇ ಟೀವಾ ಅನ್ನೋದು, ಅಂದರೆ ಅನಿಲವೇ ಇಲ್ಲದೆ ಪೂರ್ತಿ ರಕ್ತನಾಳದ ಮೂಲಕ ಕೊಡುವ ಅರಿವಳಿಕೆ. ಎಂಇಪಿ ನೋಡಬೇಕಾದ ಕಡೆ ಇಂದು ಹೆಚ್ಚಿನ ತಂಡಗಳ ಮೊದಲ ಆಯ್ಕೆ ಇದು.

ಆದರೆ ಇದೂ ಪರಿಪೂರ್ಣ ಅಲ್ಲ. ಏಳೆಂಟು ಗಂಟೆಯ ಆಪರೇಷನ್‌ನಲ್ಲಿ ಪ್ರೊಪೊಫಾಲ್ ಮೈಯಲ್ಲಿ ಶೇಖರವಾಗುತ್ತದೆ, ರೋಗಿ ಏಳುವುದು ತಡವಾಗುತ್ತದೆ. ಕಾಲು ಆಡುತ್ತಿದೆಯೇ ಅಂತ ತಕ್ಷಣ ನೋಡಬೇಕಾದ ಹೊತ್ತಿನಲ್ಲಿ ಅದು ತೊಡಕು. ರಕ್ತದೊತ್ತಡ ಇಳಿಸುತ್ತದೆ, ಒತ್ತಡ ಇಳಿದರೆ ಬೆನ್ನುಹುರಿಗೆ ರಕ್ತ ಕಡಿಮೆ. ರೆಮಿಫೆಂಟಾನಿಲ್ ಹೆಚ್ಚು ಕೊಟ್ಟರೆ ಎದ್ದ ಮೇಲೆ ನೋವು ಇನ್ನೂ ಜಾಸ್ತಿ ಕಾಡುವುದುಂಟು.

ಅದಕ್ಕೇ ಮೂರನೆಯದು ಜೊತೆಗೂಡುತ್ತದೆ. ಕೆಟಮಿನ್ ಈ ಗುಂಪಿನಲ್ಲಿ ವಿಚಿತ್ರ ಮದ್ದು. 1962ರಲ್ಲಿ ತಯಾರಾಗಿ, ಮಿಷಿಗನ್ ವಿಶ್ವವಿದ್ಯಾಲಯದವರು ಮನುಷ್ಯರಲ್ಲಿ ಮೊದಲು ಅಧ್ಯಯನ ಮಾಡಿದ್ದು. ಉಳಿದವು ಸಿಗ್ನಲ್ ತಗ್ಗಿಸಿದರೆ ಇದು ಎಸ್‌ಎಸ್‌ಇಪಿಯನ್ನು ಎತ್ತುತ್ತದೆ, ಎಂಇಪಿಗೆ ತೊಂದರೆ ಕೊಡುವುದು ಕಡಿಮೆ, ನೋವಿಗೂ ಒಳ್ಳೆಯದು, ರಕ್ತದೊತ್ತಡವನ್ನೂ ಬೀಳಿಸುವುದಿಲ್ಲ. ಸಣ್ಣ ಪ್ರಮಾಣದಲ್ಲಿ ಸೇರಿಸಿದರೆ ಪ್ರೊಪೊಫಾಲ್ ಕಡಿಮೆ ಮಾಡಬಹುದು. ಪ್ರಮಾಣ ಹೆಚ್ಚಾದರೆ ಎದ್ದ ಮೇಲೆ ಭ್ರಮೆ, ಗಾಬರಿ. ಡೆಕ್ಸ್‌ಮೆಡಿಟೊಮಿಡಿನ್ ಕೂಡ ಸಣ್ಣ ಪ್ರಮಾಣದಲ್ಲಿ ಸಹಾಯಕ, ಹೆಚ್ಚಾದರೆ ಎಂಇಪಿಯನ್ನೇ ನುಂಗುತ್ತದೆ. ಅತಿಯಾದರೆ ಅಮೃತವೂ ವಿಷ ಅನ್ನೋ ಮಾತು ಈ ಕೋಣೆಯಲ್ಲಿ ಅಕ್ಷರಶಃ ಸತ್ಯ.

ಕೊನೆಗೆ ಸ್ನಾಯು ಸಡಿಲಿಸುವ ಮದ್ದು. ನರದಿಂದ ಸ್ನಾಯುವಿಗೆ ಆಜ್ಞೆ ದಾಟುವ ಜಾಗವನ್ನೇ ಇದು ಮುಚ್ಚುತ್ತದೆ. ಎಂಇಪಿ, ಇಎಂಜಿ ಎರಡಕ್ಕೂ ಇದು ಶತ್ರು. ಆದರೆ ಎಸ್‌ಎಸ್‌ಇಪಿಗೆ ಮಿತ್ರ, ಯಾಕೆಂದರೆ ಸ್ನಾಯುವಿನ ಗದ್ದಲ ಅಡಗಿ ಸಣ್ಣ ಸಿಗ್ನಲ್ ಸ್ವಚ್ಛವಾಗಿ ಕಾಣುತ್ತದೆ. ಗಂಟಲಿಗೆ ಟ್ಯೂಬ್ ಹಾಕುವಾಗ ಒಂದು ಸಲ ಕೊಟ್ಟು ಆಮೇಲೆ ಇಳಿಯಲು ಬಿಡುವುದು ಸಾಮಾನ್ಯ ಪದ್ಧತಿ. ರೋಕುರೋನಿಯಂ ಕೊಟ್ಟಿದ್ದರೆ ಸುಗಮಾಡೆಕ್ಸ್ ಎಂಬ ಮದ್ದು ಕೆಲವೇ ನಿಮಿಷದಲ್ಲಿ ಅದನ್ನು ಕಟ್ಟಿಹಾಕುತ್ತದೆ. ಯುರೋಪಿನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2015ರ ಕೊನೆಯಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಒಂದೇ ಪಟ್ಟಿ ಎಲ್ಲರಿಗೂ ಸಲ್ಲದು

ಮನೆಗೊಂದು ಸಾರಿನ ಪುಡಿ ಇದ್ದ ಹಾಗೆ ಆಸ್ಪತ್ರೆಗೊಂದು ಮಿಶ್ರಣ ಇರುತ್ತದೆ. "ನಮ್ಮಲ್ಲಿ ಹೀಗೇ ಮಾಡೋದು" ಅನ್ನೋ ಮಾತು ಎಲ್ಲ ದೇಶದಲ್ಲೂ ಇದೆ. ನಮ್ಮ ಆಕ್ಷೇಪ ಇರೋದು ಇದಕ್ಕೇ. ನಾಲ್ಕು ಉದಾಹರಣೆ ನೋಡಿ.

ಒಂದು, ಬೇರೆ ಯಾವ ಕಾಯಿಲೆಯೂ ಇಲ್ಲದ ಹದಿನಾಲ್ಕರ ಹುಡುಗಿಗೆ ಸ್ಕೋಲಿಯೋಸಿಸ್ ಆಪರೇಷನ್. ನರಗಳು ಗಟ್ಟಿಯಾಗಿವೆ, ಸಿಗ್ನಲ್ ದೊಡ್ಡದಾಗಿ ಬರುತ್ತದೆ. ಇವಳಲ್ಲಿ ಅರ್ಧ ಮ್ಯಾಕ್‌ನೊಳಗೆ ಅನಿಲ, ಸ್ವಲ್ಪ ಪ್ರೊಪೊಫಾಲ್ ಸೇರಿಸಿ ಮಾಡುವ ತಂಡಗಳೂ ಇವೆ, ಸಿಗ್ನಲ್ ಸಿಗುತ್ತದೆ. ಟೀವಾ ಮಾತ್ರವೇ ಸರಿ, ಉಳಿದದ್ದೆಲ್ಲ ತಪ್ಪು ಅಂತ ಹೇಳಲು ನಮಗೆ ಧೈರ್ಯ ಇಲ್ಲ.

ಎರಡು, ಅದೇ ಸ್ಕೋಲಿಯೋಸಿಸ್, ಆದರೆ ಡುಶೆನ್ ಸ್ನಾಯು ಕ್ಷಯ ಇರುವ ಹುಡುಗ. ಸಿಗ್ನಲ್ ಮೊದಲೇ ಕ್ಷೀಣ. ಮೇಲಾಗಿ ಇಂಥ ಮಕ್ಕಳಲ್ಲಿ ಆ ಅನಿಲಗಳು, ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಕ ಎರಡೂ ಸ್ನಾಯು ಒಡೆದು ರಕ್ತದಲ್ಲಿ ಪೊಟ್ಯಾಸಿಯಂ ಏರಿಸಿ ಹೃದಯ ನಿಲ್ಲಿಸುವ ಅಪಾಯ ಇದೆ. ಇಲ್ಲಿ ಟೀವಾ ಬೇಕಿರೋದು ಮಾನಿಟರಿಂಗ್‌ಗೆ ಮಾತ್ರ ಅಲ್ಲ, ಜೀವಕ್ಕೇ.

ಮೂರು, ಹಳೆಯ ಡಯಾಬಿಟಿಸ್, ಬಿಪಿ ಇರುವ ಅರವತ್ತೈದರ ಹಿರಿಯರು, ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿಕೊಂಡು ಕೈಕಾಲು ಜೋಮು. ಇವರ ನರದ ದನಿ ಪಿಸುಮಾತಿನಷ್ಟು. ಯುವಕರಲ್ಲಿ ನಡೆಯುವ ಅರ್ಧ ಮ್ಯಾಕ್ ಅನಿಲ ಇವರಲ್ಲಿ ಇದ್ದ ಸಿಗ್ನಲ್ಲನ್ನೂ ಅಳಿಸಿಬಿಡಬಹುದು. ಶುರುವಿನಿಂದಲೇ ಟೀವಾ, ಅಗತ್ಯ ಇದ್ದರೆ ಕೆಟಮಿನ್, ರಕ್ತದೊತ್ತಡ ಇಳಿಯದಂತೆ ಎಚ್ಚರ, ಮಗುಚಿ ಮಲಗಿಸುವ ಮೊದಲೇ ಒಂದು ಅಳತೆ ಬೇಕು. ಹುಡುಗಿಯ ಪಟ್ಟಿಯನ್ನು ಇವರಿಗೆ ಹಾಕಿ "ಸಿಗ್ನಲ್ ಬರ್ತಿಲ್ಲ, ವಯಸ್ಸಾಯ್ತಲ್ಲ" ಅನ್ನೋದು ನ್ಯಾಯ ಅಲ್ಲ.

ನಾಲ್ಕು, ಸೊಂಟದ ಕೆಳಗಿನ ಒಂದು ಡಿಸ್ಕ್. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಒಂದು ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ, ಕೆಳಗಿರುವುದು ನರದ ಬೇರುಗಳು. ಅಲ್ಲಿ ಮಾನಿಟರಿಂಗ್ ಬೇಕು ಅನ್ನಿಸಿದರೂ ಸಾಮಾನ್ಯವಾಗಿ ಇಎಂಜಿ ಸಾಕು. ಇಎಂಜಿಗೆ ಅನಿಲ ಅಡ್ಡಿಯಲ್ಲ, ಸ್ನಾಯು ಸಡಿಲಕ ಅಡ್ಡಿ. ಇಲ್ಲಿ ದುಬಾರಿ ಟೀವಾ ಹಾಕುವುದು ಬರೀ ಆಡಂಬರ.

ನಾಲ್ವರಿಗೂ ಯಂತ್ರ ಒಂದೇ ಇರಬಹುದು, ಮದ್ದು ಒಂದೇ ಅಲ್ಲ. ಮೊದಲು ಯಾವ ದಾರಿ ಕಾಯಬೇಕು ಅನ್ನೋದು, ಆಮೇಲೆ ಮದ್ದು.

ಆರಿಸಿದ್ದನ್ನು ಅಲುಗಿಸದೆ ಇಡುವುದು

ಯಾವ ಮದ್ದು ಅನ್ನೋದಕ್ಕಿಂತ ಮುಖ್ಯವಾದ ಇನ್ನೊಂದಿದೆ: ಅದನ್ನು ಒಂದೇ ಸಮ ಕೊಡುವುದು. ರಾಡ್ ತಿರುಗಿಸಿ ಬೆನ್ನು ನೆಟ್ಟಗೆ ಮಾಡುವ ಹೊತ್ತಿಗೇ ಸರಿಯಾಗಿ ರೋಗಿಗೆ ಒಂದು ದೊಡ್ಡ ಡೋಸ್ ಪ್ರೊಪೊಫಾಲ್ ತಳ್ಳಿದರು ಅಂದುಕೊಳ್ಳಿ. ಎರಡು ನಿಮಿಷದಲ್ಲಿ ಸಿಗ್ನಲ್ ಕುಸಿಯಿತು. ಕುಸಿದದ್ದು ರಾಡ್‌ನಿಂದಲೋ ಮದ್ದಿನಿಂದಲೋ? ಯಾರೂ ಖಚಿತವಾಗಿ ಹೇಳಲಾರರು. ರಾಡ್ ಸಡಿಲಿಸಿದರೆ ಬೆನ್ನು ಅರ್ಧ ಸೊಟ್ಟವೇ ಉಳಿಯಬಹುದು; ಮದ್ದಿನದ್ದೇ ಇರಬೇಕು ಅಂತ ಮುಂದುವರಿದರೆ ಕಾಲು ಹೋಗಬಹುದು. ಎರಡು ಕಡೆಯೂ ತೆರಬೇಕಾದ ಬೆಲೆ ಆ ಮಗುವಿನದ್ದು.

ಗುರುತಿಸುವ ದಾರಿ ಪೂರ್ತಿ ಇಲ್ಲ ಅಂತಲ್ಲ. ಮದ್ದಿನ ಪರಿಣಾಮ ಸಾಮಾನ್ಯವಾಗಿ ಕೈ ಕಾಲು ಎರಡರಲ್ಲೂ, ಎಡ ಬಲ ಎರಡೂ ಕಡೆ, ನಿಧಾನವಾಗಿ ಕಾಣುತ್ತದೆ. ಎದೆಯ ಮಟ್ಟದಲ್ಲಿ ಬೆನ್ನುಹುರಿಗೆ ಏಟಾದರೆ ಕೈಯ ಸಿಗ್ನಲ್ ಹಾಗೇ ಇದ್ದು ಕಾಲಿನದು ಮಾತ್ರ ಹೋಗುತ್ತದೆ. ಹಾಗಾಗಿಯೇ ಎದೆಯ ಭಾಗದ ಆಪರೇಷನ್‌ನಲ್ಲೂ ಕೈಯನ್ನು ಅಳೆಯುತ್ತಾರೆ. ಆದರೆ ಮದ್ದು ಏರಿಳಿಯುತ್ತಿದ್ದರೆ ಈ ಹೋಲಿಕೆಯೂ ಮಸುಕಾಗುತ್ತದೆ. ಗಂಟೆಗಳು ಕಳೆದಂತೆ, ಏನೂ ಹಾನಿ ಇಲ್ಲದೆಯೂ ಎಂಇಪಿ ಮೆಲ್ಲಗೆ ಸೊರಗುವುದೂ ಇದೆ. ಮೈ ತಣ್ಣಗಾಗುವುದು, ರಕ್ತ ಸೋರಿ ಹಿಮೋಗ್ಲೋಬಿನ್ ಇಳಿಯುವುದು ಕೂಡ ಸಿಗ್ನಲ್ ಮೇಲೆ ಬರುತ್ತದೆ. ಇವನ್ನೆಲ್ಲ ಅರಿವಳಿಕೆ ತಜ್ಞರೇ ನೋಡಬೇಕು. ತೆರೆಯ ಮೇಲಿನ ಗೆರೆ ಓದುವವರು ಒಬ್ಬರಾದರೆ, ಆ ಗೆರೆಗೆ ಅರ್ಥ ಬರುವಂತೆ ಮಾಡುವವರು ಇವರು.

ಎದುರು ವಾದಗಳು

ನಮ್ಮ ಮಾತಿಗೆ ಆಕ್ಷೇಪ ಇಲ್ಲವೇ? ಇದೆ, ಗಟ್ಟಿಯಾದವೇ ಇವೆ.

ಮೊದಲನೆಯದು, ಅನಿಲ ಇಲ್ಲ, ಸ್ನಾಯು ಸಡಿಲಕ ಇಲ್ಲ ಅಂದರೆ ರೋಗಿಗೆ ಮಧ್ಯದಲ್ಲಿ ಎಚ್ಚರ ಆಗಿಬಿಟ್ಟರೆ? ಭಯ ಸಹಜ. ಅನಿಲವಾದರೆ ಉಸಿರಿನಲ್ಲಿ ಅಳೆಯಬಹುದು, ಪ್ರೊಪೊಫಾಲ್ ರಕ್ತದಲ್ಲಿ ಎಷ್ಟಿದೆ ಅಂತ ತೋರಿಸುವ ಮೀಟರ್ ದಿನನಿತ್ಯದ ಬಳಕೆಯಲ್ಲಿಲ್ಲ. ಕೊಳವೆ ಕಳಚಿದರೆ ಮದ್ದು ಬಟ್ಟೆಗೆ ಹೋಗುತ್ತದೆ, ರೋಗಿಗಲ್ಲ. ಆದರೆ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಅಂಕಿ ನೋಡಿ: ಎಚ್ಚರವಾಗಿತ್ತು ಅಂತ ರೋಗಿಗಳು ವರದಿ ಮಾಡಿದ್ದು ಸ್ನಾಯು ಸಡಿಲಕ ಕೊಟ್ಟವರಲ್ಲಿ ಸುಮಾರು 8,000ಕ್ಕೆ ಒಂದು, ಕೊಡದವರಲ್ಲಿ ಸುಮಾರು 1,36,000ಕ್ಕೆ ಒಂದು. ಮೈ ಕಟ್ಟಿಹಾಕದ ರೋಗಿಗೆ ಎಚ್ಚರ ಬಂದರೆ ಅಲುಗುತ್ತಾರೆ, ಗೊತ್ತಾಗುತ್ತದೆ. ಎಂಇಪಿಗಾಗಿ ಸಡಿಲಕ ಬಿಡುವುದು ಈ ಲೆಕ್ಕದಲ್ಲಿ ರೋಗಿಯ ಪರವಾಗಿಯೇ ಇದೆ. ಜೊತೆಗೆ ತಲೆಯ ಮೇಲೆ ಎಲೆಕ್ಟ್ರೋಡ್ ಹೇಗೂ ಇವೆ, ಇಇಜಿ ನೋಡಿ ನಿದ್ದೆಯ ಆಳ ಅಂದಾಜಿಸಬಹುದು. ಕೆಟಮಿನ್ ಕೊಟ್ಟಾಗ ಆ ಅಂಕಿ ದಾರಿ ತಪ್ಪಿಸಬಹುದು ಅನ್ನೋ ಎಚ್ಚರ ಇರಲಿ.

ಎರಡನೆಯದು, ಅಲುಗುವ ರೋಗಿಯ ಮೇಲೆ ಸರ್ಜನ್ ಹೇಗೆ ಕೆಲಸ ಮಾಡಬೇಕು? ಎಂಇಪಿ ತಟ್ಟಿದಾಗಲೆಲ್ಲ ಮೈ ಅದುರುತ್ತದೆ. ದವಡೆ ಬಿಗಿದು ನಾಲಿಗೆ ಕಚ್ಚಿಕೊಳ್ಳುವುದೂ ಇದೆ, ಅದಕ್ಕೇ ಎರಡೂ ಕಡೆ ದವಡೆಹಲ್ಲುಗಳ ನಡುವೆ ಮೆತ್ತನೆಯ ಬಟ್ಟೆಯ ಸುರುಳಿ ಇಡುತ್ತಾರೆ. ತಟ್ಟುವ ಮೊದಲು ಒಂದು ಮಾತು ಹೇಳಿದರೆ ಸರ್ಜನ್ ಕೈ ತೆಗೆಯುತ್ತಾರೆ. ಇದು ಮದ್ದಿನಿಂದಲ್ಲ, ಮಾತಿನಿಂದ ಬಗೆಹರಿಯುವ ತೊಂದರೆ.

ಮೂರನೆಯದು ಹಣ. ಟೀವಾಗೆ ಒಳ್ಳೆಯ ಪಂಪ್‌ಗಳು ಬೇಕು, ಮದ್ದಿನ ಖರ್ಚು ಹೆಚ್ಚು, ಅಭ್ಯಾಸ ಇರುವ ಕೈ ಬೇಕು. ಎಲ್ಲ ಊರಲ್ಲೂ ಎಲ್ಲ ಮದ್ದೂ ಸಿಗುವುದಿಲ್ಲ. ಇದು ನಿಜ. ಆದರೆ ನಮ್ಮ ವಾದ ಎಲ್ಲರಿಗೂ ಟೀವಾ ಕೊಡಿ ಅಂತ ಅಲ್ಲವಲ್ಲ! ರೆಮಿಫೆಂಟಾನಿಲ್ ಇಲ್ಲದ ಕಡೆ ಫೆಂಟಾನಿಲ್ ಇದೆ, ಕೆಟಮಿನ್ ಅಗ್ಗದ ಮದ್ದು. ಇರುವುದರಲ್ಲೇ ಹೊಂದಿಸಬಹುದು. ಹೊಂದಿಸಲಾಗದಿದ್ದರೆ, ಕೇಳಿಸದ ಯಂತ್ರಕ್ಕೆ ರೋಗಿಯ ಮನೆಯವರಿಂದ ದುಡ್ಡು ಪಡೆಯಬಾರದು.

ನಾಲ್ಕನೆಯದು, ಮಾನಿಟರಿಂಗ್‌ನಿಂದ ನಿಜಕ್ಕೂ ಲಾಭ ಇದೆಯೇ? ಇದಕ್ಕೆ ಚೀಟಿ ಎತ್ತಿ ಒಂದು ಗುಂಪಿಗೆ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡುವ ಪ್ರಯೋಗ ಮಾಡಲು ಯಾರ ಮನಸ್ಸೂ ಒಪ್ಪುವುದಿಲ್ಲ. ಆದರೆ 1995ರಲ್ಲಿ ಪ್ರಕಟವಾದ, 51,263 ಆಪರೇಷನ್‌ಗಳನ್ನು ಒಳಗೊಂಡ ಸಮೀಕ್ಷೆ, ಅನುಭವಿ ಮಾನಿಟರಿಂಗ್ ತಂಡ ಇದ್ದ ಕಡೆ ನರದ ಹಾನಿ ಕಡಿಮೆ ಎಂದು ಕಂಡಿತು. 2012ರಲ್ಲಿ ಅಮೆರಿಕದ ನರವೈದ್ಯರ ಅಕಾಡೆಮಿ, ಸಿಗ್ನಲ್ ಬದಲಾವಣೆ ಕಾಲು ಸ್ವಾಧೀನ ತಪ್ಪುವ ಅಪಾಯವನ್ನು ಮುಂಚೆಯೇ ಸೂಚಿಸುತ್ತದೆ ಅನ್ನೋದು ಸಿದ್ಧವಾದ ಸಂಗತಿ ಎಂದು ಮಾರ್ಗಸೂಚಿಯಲ್ಲಿ ಹೇಳಿತು. ಗಮನಿಸಿ, ಆ ಸಮೀಕ್ಷೆಯಲ್ಲಿ ಲೆಕ್ಕಕ್ಕೆ ಬಂದದ್ದು ತಂಡದ ಅನುಭವ, ಯಂತ್ರದ ಬ್ರಾಂಡ್ ಅಲ್ಲ.

ಯಾರು ಮಾತಾಡಬೇಕು

ಇಲ್ಲಿ ಅಮೆರಿಕದಲ್ಲಿ ಎಷ್ಟೋ ಕಡೆ ಮಾನಿಟರಿಂಗ್ ಮಾಡುವ ತಂತ್ರಜ್ಞರು ಆಸ್ಪತ್ರೆಯವರೇ ಅಲ್ಲ, ಹೊರಗಿನ ಕಂಪನಿಯಿಂದ ಬಂದವರು. ಸಿಗ್ನಲ್ ಓದುವ ನರವೈದ್ಯರು ಇನ್ನೆಲ್ಲೋ ಕೂತು ಇಂಟರ್ನೆಟ್‌ನಲ್ಲಿ ನೋಡುತ್ತಿರುತ್ತಾರೆ. ಅವತ್ತೇ ಬೆಳಿಗ್ಗೆ ಪರಿಚಯವಾದ ತಂತ್ರಜ್ಞೆಯೊಬ್ಬರು ಮೂವತ್ತು ವರ್ಷ ಅನುಭವದ ಅರಿವಳಿಕೆ ತಜ್ಞರಿಗೆ "ಸರ್, ಅನಿಲ ಸ್ವಲ್ಪ ಇಳಿಸ್ತೀರಾ" ಅಂತ ಹೇಳಬೇಕು. ಊರಲ್ಲಂತೂ "ದೊಡ್ಡ ಡಾಕ್ಟ್ರು" ಎದುರು ದನಿಯೇ ಏಳುವುದಿಲ್ಲ. ಈ ಸಂಕೋಚವೂ ಒಂದು ಮದ್ದಿನಷ್ಟೇ ಪರಿಣಾಮಕಾರಿಯಾಗಿ ಸಿಗ್ನಲ್ ಅಡಗಿಸುತ್ತದೆ ಅನ್ನೋದು ನಮ್ಮ ಅನಿಸಿಕೆ.

ಆದ್ದರಿಂದ ನಿರ್ಧಾರ ಆಗಬೇಕಾದ್ದು ಹಿಂದಿನ ದಿನ, ಮೂವರೂ ಕೂತು. ಸರ್ಜನ್ ಯಾವ ಹಂತ ಅಪಾಯದ್ದು ಅಂತ ಹೇಳಲಿ, ಮಾನಿಟರಿಂಗ್‌ನವರು ಯಾವ ಸಿಗ್ನಲ್ ಬೇಕು ಅಂತ ಹೇಳಲಿ, ಅರಿವಳಿಕೆ ತಜ್ಞರು ಈ ರೋಗಿಯ ಮೈ ಯಾವುದನ್ನು ತಾಳುತ್ತದೆ ಅಂತ ಹೇಳಲಿ. ಸಿಗ್ನಲ್ ಬಿದ್ದರೆ ಯಾರು ಏನು ಮಾಡಬೇಕು ಅನ್ನೋ ಪಟ್ಟಿ ಗೋಡೆಯ ಮೇಲಿರಲಿ. ಅಂಥ ಒಂದು ಒಮ್ಮತದ ಪಟ್ಟಿಯನ್ನು ಅಮೆರಿಕದ ತಜ್ಞರು 2014ರಲ್ಲೇ ಪ್ರಕಟಿಸಿದ್ದಾರೆ: ಕೋಣೆಯ ಗದ್ದಲ ನಿಲ್ಲಿಸಿ, ರಕ್ತದೊತ್ತಡ ಏರಿಸಿ, ಆಮ್ಲಜನಕ, ಹಿಮೋಗ್ಲೋಬಿನ್, ಮೈಬಿಸಿ ನೋಡಿ, ಮದ್ದು ಪರಿಶೀಲಿಸಿ, ತಂತಿ ಪರಿಶೀಲಿಸಿ, ಕೊನೆಯದಾಗಿ ಮಾಡಿದ ಕೆಲಸವನ್ನು ಹಿಂದೆಗೆಯಿರಿ, ಎಬ್ಬಿಸಿ ನೋಡುವ ಬಗ್ಗೆ ಯೋಚಿಸಿ.

ನಮ್ಮ ಪಾಲಿನ ಕೆಲಸ

ಇದೆಲ್ಲ ಡಾಕ್ಟರರ ವಿಷಯ, ನಮಗೇನು ಅಂತ ಕೇಳಬಹುದು. ನಮ್ಮ ಓದುಗರಲ್ಲಿ ಎಂಜಿನಿಯರ್‌ಗಳಿದ್ದೀರಿ, ಫಾರ್ಮಸಿಯವರಿದ್ದೀರಿ, ಕಂಪ್ಯೂಟರ್ ಸೈನ್ಸ್‌ನವರಂತೂ ತುಂಬಿ ತುಳುಕುತ್ತಿದ್ದೀರಿ. ಮದ್ದಿನಿಂದ ಆದ ಇಳಿಕೆಗೂ ಹಾನಿಯಿಂದ ಆದ ಇಳಿಕೆಗೂ ವ್ಯತ್ಯಾಸ ಹೇಳುವ ಲೆಕ್ಕಾಚಾರ ಇನ್ನೂ ಬಗೆಹರಿಯದ ಸಮಸ್ಯೆ. ಪ್ರಾಜೆಕ್ಟ್ ಹುಡುಕುತ್ತಿರುವವರು ಇತ್ತ ನೋಡಬಹುದು.

ಅದಕ್ಕಿಂತ ಹತ್ತಿರದ ಕೆಲಸ ಒಂದಿದೆ. ಊರಿಂದ ಫೋನ್ ಬಂದಾಗ "ಮೆಷಿನ್ ಇದೆಯಾ" ಅನ್ನೋದರ ಜೊತೆ ಇನ್ನೂ ನಾಲ್ಕು ಪ್ರಶ್ನೆ ಕೇಳಲು ಮನೆಯವರಿಗೆ ಹೇಳಿಕೊಡೋಣ. ಯಾವ ನರದ ದಾರಿಯನ್ನು ನೋಡ್ತೀರಿ? ಅದಕ್ಕೆ ಹೊಂದುವ ಅರಿವಳಿಕೆ ಯಾವುದು ಕೊಡ್ತೀರಿ? ತೆರೆಯ ಮುಂದೆ ಯಾರು ಕೂತಿರ್ತಾರೆ? ಸಿಗ್ನಲ್ ಬಿದ್ದರೆ ಏನು ಮಾಡ್ತೀರಿ? ಇದು ಡಾಕ್ಟರರನ್ನು ಪರೀಕ್ಷೆ ಮಾಡುವುದಲ್ಲ. ಒಳ್ಳೆಯ ತಂಡಕ್ಕೆ ಈ ಪ್ರಶ್ನೆಗಳು ಖುಷಿ ಕೊಡುತ್ತವೆ, ಅವರು ಆಗಲೇ ಯೋಚಿಸಿರುವುದನ್ನೇ ಕೇಳಿದಂತಾಗುತ್ತದೆ. ಜೊತೆಗೆ ರೋಗಿಯ ಹಳೆಯ ಕಾಯಿಲೆ, ಮನೆತನದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆ ಆಗಿತ್ತೇ, ಮೈಯಲ್ಲಿ ಪೇಸ್‌ಮೇಕರ್ ಇದೆಯೇ, ಫಿಟ್ಸ್ ಬರುತ್ತಿತ್ತೇ ಅನ್ನೋದನ್ನು ಮುಚ್ಚಿಡದೆ ಹೇಳುವಂತೆ ತಿಳಿಸೋಣ.

ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ ಮಾನಿಟರಿಂಗ್ ಬಗ್ಗೆ ಒಂದು ಇಂಗ್ಲಿಷ್ ಸಾಲು ಇದ್ದರೆ ಅದೇ ದೊಡ್ಡದು ಅನ್ನೋ ಸ್ಥಿತಿ ಬದಲಾಗಬೇಕು. ಮುಂದಿನ ವರ್ಷದ ಪುಸ್ತಿಕೆಗೆ ನಮ್ಮ ಸಂಘ ಒಂದು ಪುಟ ಮೀಸಲಿಡಲಿ: ಬೆನ್ನುಮೂಳೆಯ ಆಪರೇಷನ್, ಅರಿವಳಿಕೆ, ನರದ ಮಾನಿಟರಿಂಗ್ ಇವನ್ನು ಹಳ್ಳಿಯಲ್ಲಿರುವ ಅಜ್ಜಿಗೂ ಅರ್ಥವಾಗುವ ಕನ್ನಡದಲ್ಲಿ ಹೇಳುವ ಪುಟ. ನಾವು ಮೂವರು ಕರಡು ಬರೆಯಲು ಸಿದ್ಧ. ತಿದ್ದಿಕೊಡಲು ವೈದ್ಯಕೀಯ ಓದುತ್ತಿರುವ ಗೆಳೆಯರು ಬೇಕು, ಕನ್ನಡ ಚೆನ್ನಾಗಿ ಬರುವವರೂ ಬೇಕು. ಬರುವವರು ಸಂಘದ ಮುಂದಿನ ಸಭೆಯಲ್ಲಿ ಕೈ ಎತ್ತಿ.